ಡಿಯರ್‌ಬಾರ್ನ್‌ನ ಗ್ಯಾರೇಜಿನಲ್ಲಿ ಒಂದು ಹಳೆಯ ಮಸ್ಟಾಂಗ್

ಅಮೆರಿಕದ ಮಿಶಿಗನ್ ರಾಜ್ಯದಲ್ಲಿ, ಡೆಟ್ರಾಯ್ಟ್ ಮಹಾನಗರಕ್ಕೆ ತಾಗಿಕೊಂಡು ಡಿಯರ್‌ಬಾರ್ನ್ ಎಂಬ ಊರಿದೆ. ಅಲ್ಲಿನ ವಾರನ್ ಅವೆನ್ಯೂ ರಸ್ತೆಯಲ್ಲಿ ನಡೆದರೆ ಅಂಗಡಿಗಳ ಬೋರ್ಡುಗಳಲ್ಲಿ ಇಂಗ್ಲಿಷಿನ ಪಕ್ಕದಲ್ಲೇ ಅರಬಿ ಅಕ್ಷರಗಳು ಕಾಣುತ್ತವೆ. ಬೇಕರಿಗಳಿಂದ ಝಾತರ್ ಸವರಿ ಸುಟ್ಟ ರೊಟ್ಟಿಯ ಪರಿಮಳ ಬರುತ್ತದೆ. ಹಿಜಾಬ್ ಧರಿಸಿದ ಹೆಣ್ಣುಮಕ್ಕಳು ಕಾರು ಓಡಿಸಿಕೊಂಡು ಕೆಲಸಕ್ಕೆ ಹೋಗುತ್ತಾರೆ. 2020ರ ಜನಗಣತಿಯ ಪ್ರಕಾರ ಸುಮಾರು 1,10,000 ಜನಸಂಖ್ಯೆಯ ಈ ಊರಿನಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಅರಬ್ ಮೂಲದವರು. ಇಷ್ಟೊಂದು ಅರಬರು ಇಲ್ಲಿಗೆ ಏಕೆ ಬಂದರು ಎಂದು ಯಾರನ್ನು ಕೇಳಿದರೂ ಒಂದೇ ಉತ್ತರ ಸಿಗುತ್ತದೆ: ಕಾರಿಗಾಗಿ. ಕಾರು ಕೊಳ್ಳಲು ಅಲ್ಲ, ಕಾರು ತಯಾರಿಸುವ ಕೂಲಿಗಾಗಿ.

ಮಗಳ ಬಾಣಂತನಕ್ಕೆಂದು ನಾನು ಮಂಗಳೂರಿನಿಂದ ಈ ಊರಿಗೆ ಹೋದದ್ದು 2024ರ ಮೇ ತಿಂಗಳಲ್ಲಿ. ಅಳಿಯನಿಗೆ ಅಲ್ಲಿ ಉದ್ಯೋಗ. ಮಗು ನಿದ್ದೆ ಹೋದ ಮೇಲೆ, ಮಗಳಿಗೆ ಗಂಜಿ ಕೊಟ್ಟಾದ ಮೇಲೆ ಸಿಗುವ ಹೊತ್ತಿನಲ್ಲಿ ನಾನು ನೋಡಿದ್ದು ಎರಡು ಊರುಗಳನ್ನು. ಒಂದು, ಪ್ರವಾಸಿಗರು ನೋಡುವ ಡಿಯರ್‌ಬಾರ್ನ್. ಇನ್ನೊಂದು, ನೆರೆಮನೆಯ ಗ್ಯಾರೇಜಿನ ತೆರೆದ ಬಾಗಿಲಿನಿಂದ ಕಂಡ ಡಿಯರ್‌ಬಾರ್ನ್.

ಕಾರ್ಖಾನೆಯ ಹಿಂದೆ ಬಂದ ಜನ

ಹೆನ್ರಿ ಫೋರ್ಡ್ 1863ರಲ್ಲಿ ಹುಟ್ಟಿದ್ದು ಈ ಊರಿನ ಪರಿಸರದಲ್ಲೇ, ಒಂದು ರೈತ ಕುಟುಂಬದಲ್ಲಿ. 1913ರಲ್ಲಿ ಅವರ ಕಾರ್ಖಾನೆಯಲ್ಲಿ ಚಲಿಸುವ ಜೋಡಣಾ ಸಾಲು ಆರಂಭವಾಯಿತು. ಕಾರು ಮುಂದೆ ಸಾಗುತ್ತಾ ಹೋಗುತ್ತದೆ, ಕೆಲಸಗಾರ ನಿಂತಲ್ಲೇ ನಿಂತು ತನ್ನ ಪಾಲಿನ ಒಂದೇ ಕೆಲಸವನ್ನು ಮಾಡುತ್ತಾನೆ. 1914ರಲ್ಲಿ ದಿನಕ್ಕೆ 5 ಡಾಲರ್ ಕೂಲಿ ಎಂಬ ಘೋಷಣೆ ಹೊರಬಿತ್ತು. ಆ ಸುದ್ದಿ ಲೆಬನಾನಿನ ಬೆಟ್ಟದ ಹಳ್ಳಿಗಳನ್ನೂ ಯೆಮನ್ನಿನ ಬಂದರುಗಳನ್ನೂ ತಲುಪಿತು. ಆಗಿನ ಕಾರ್ಖಾನೆ ಇದ್ದ ಹೈಲ್ಯಾಂಡ್ ಪಾರ್ಕ್‌ನಲ್ಲಿ 1921ರಲ್ಲೇ ಒಂದು ಮಸೀದಿ ಎದ್ದಿತ್ತು.

ನಂತರ ಡಿಯರ್‌ಬಾರ್ನ್‌ನ ರೂಜ್ ನದಿಯ ದಡದಲ್ಲಿ ಹೊಸ ಕಾರ್ಖಾನೆ ಬಂತು. 1917ರಲ್ಲಿ ಆರಂಭವಾದ ಅದರ ನಿರ್ಮಾಣ 1928ರಲ್ಲಿ ಮುಗಿಯಿತು. ಒಂದು ಬದಿಯಲ್ಲಿ ಹಡಗಿನಿಂದ ಕಬ್ಬಿಣದ ಅದಿರು ಇಳಿದರೆ ಇನ್ನೊಂದು ಬದಿಯಲ್ಲಿ ಸಿದ್ಧವಾದ ಕಾರು ಹೊರಡುತ್ತಿತ್ತು. ಉಕ್ಕು, ಗಾಜು, ವಿದ್ಯುತ್ತು ಎಲ್ಲವೂ ಒಳಗೇ ತಯಾರಾಗುತ್ತಿದ್ದವು. ಒಂದು ಕಾಲಕ್ಕೆ ಅಲ್ಲಿ 1,00,000ಕ್ಕೂ ಹೆಚ್ಚು ಮಂದಿ ದುಡಿಯುತ್ತಿದ್ದರು. ಕಾರ್ಖಾನೆಯ ಹಿಂದೆಯೇ ಅರಬ್ ಕೆಲಸಗಾರರೂ ಬಂದು, ಅದರ ಗೋಡೆಗೆ ಹೊಂದಿಕೊಂಡ ಸೌತ್‌ಎಂಡ್ ಬಡಾವಣೆಯಲ್ಲಿ ಮನೆ ಮಾಡಿದರು. ಅಲ್ಲಿನ ಡಿಕ್ಸ್ ರಸ್ತೆಯ ಮಸೀದಿ 1930ರ ದಶಕದ ಕೊನೆಯಲ್ಲಿ ಕಟ್ಟಿದ್ದು. ಇಂದೂ ಅಲ್ಲಿ ನಮಾಝ್ ನಡೆಯುತ್ತದೆ. ಕಾರ್ಖಾನೆಯ ಚಿಮಣಿಗಳು ಅಲ್ಲಿಂದ ಕಾಣುತ್ತವೆ.

ಹುಡುಗಿಯರೂ ಕೊಂಡ ಕಾರು

ಈ ರೂಜ್ ಆವರಣದಲ್ಲೇ 1964ರ ಮಾರ್ಚ್ 9ರಂದು ಮಸ್ಟಾಂಗ್ ಎಂಬ ಕಾರಿನ ಉತ್ಪಾದನೆ ಆರಂಭವಾಯಿತು. ಏಪ್ರಿಲ್ 17ರಂದು ನ್ಯೂಯಾರ್ಕಿನ ವಿಶ್ವ ಮೇಳದಲ್ಲಿ ಅದನ್ನು ಜನರ ಮುಂದಿಡಲಾಯಿತು. ಉದ್ದನೆಯ ಮೂತಿ, ಗಿಡ್ಡ ಬೆನ್ನು, ಮುಂದುಗಡೆ ಓಡುವ ಕುದುರೆಯ ಲಾಂಛನ. ಮೊದಲ ದಿನವೇ 22,000 ಬೇಡಿಕೆಗಳು ಬಂದವು. 1966ರ ಮಾರ್ಚ್ ಹೊತ್ತಿಗೆ ಹತ್ತು ಲಕ್ಷ ಕಾರುಗಳು ತಯಾರಾಗಿದ್ದವು.

ಇದರಲ್ಲಿ ನಮ್ಮ ಓದುಗ ಸಹೋದರಿಯರಿಗೆ ಹಿಡಿಸುವ ಒಂದು ಸಂಗತಿ ಇದೆ. ಈ ಕಾರನ್ನು ಅಮೆರಿಕದಲ್ಲಿ ಎಲ್ಲರಿಗಿಂತ ಮೊದಲು ಅಂಗಡಿಯಿಂದ ಮನೆಗೆ ಓಡಿಸಿಕೊಂಡು ಹೋದವರು ಗೇಲ್ ವೈಸ್ ಎಂಬ ಶಿಕಾಗೋದ 22 ವರ್ಷದ ಶಾಲಾ ಶಿಕ್ಷಕಿ. ಕಾರು ಬಿಡುಗಡೆಯಾಗುವ ಎರಡು ದಿನ ಮೊದಲೇ, 1964ರ ಏಪ್ರಿಲ್ 15ರಂದು, ಅಂಗಡಿಯವರು ಹೊದಿಕೆ ಸರಿಸಿ ಅದನ್ನು ಅವರಿಗೆ ಮಾರಿಬಿಟ್ಟರು. ಆ ತಿಳಿನೀಲಿ ಕಾರು 1979ರಲ್ಲಿ ಕೆಟ್ಟು ಮನೆಯ ಗ್ಯಾರೇಜು ಸೇರಿತು. ಸುಮಾರು 27 ವರ್ಷಗಳ ಬಳಿಕ ಅವರ ಪತಿಯೇ ಅದಕ್ಕೆ ಮರುಜೀವ ಕೊಟ್ಟರು.

1960ರ ದಶಕದ ಇಂತಹ ದೊಡ್ಡ ಎಂಜಿನ್ನಿನ ಅಮೆರಿಕನ್ ಕಾರುಗಳನ್ನು ಅಲ್ಲಿನವರು ‘ಮಸಲ್ ಕಾರ್’, ಅಂದರೆ ತೋಳ್ಬಲದ ಕಾರು ಎನ್ನುತ್ತಾರೆ. 1964ರ ಪಾಂಟಿಯಾಕ್ ಜಿ.ಟಿ.ಒ. ಕಾರನ್ನು ಆ ಜಾತಿಯ ಮೊದಲನೆಯದೆಂದು ಹಲವರು ಎಣಿಸುತ್ತಾರೆ. ಮಸ್ಟಾಂಗನ್ನು ಆ ಪಟ್ಟಿಗೆ ಸೇರಿಸಬೇಕೇ ಬೇಡವೇ ಎಂದು ಅಲ್ಲಿನ ಗಂಡಸರು ಚಹಾ ಆರಿಹೋಗುವಷ್ಟು ಹೊತ್ತು ವಾದ ಮಾಡುತ್ತಾರೆ. ಎಂಟು ಸಿಲಿಂಡರಿನ ಎಂಜಿನ್ ಇದ್ದರೆ ಸೇರಿಸಬಹುದು ಎಂಬುದು ನಮ್ಮ ನೆರೆಮನೆಯ ತೀರ್ಪಾಗಿತ್ತು.

ಹಜ್ಜಾ ಅವರ ಗ್ಯಾರೇಜು

ಆ ನೆರೆಮನೆಯಲ್ಲಿ ದಕ್ಷಿಣ ಲೆಬನಾನಿನ ಬಿಂತ್ ಜುಬೈಲ್ ಊರಿನ ಒಬ್ಬ ವಿಧವೆಯೂ ಅವರ ಮಗಳೂ ಇದ್ದರು. ಬೀದಿಯವರೆಲ್ಲ ಆ ಹಿರಿಯರನ್ನು ‘ಹಜ್ಜಾ’ ಎಂದೇ ಕರೆಯುತ್ತಿದ್ದರು. ನಾನೂ ಹಾಗೆಯೇ ಕರೆದೆ. ಅವರ ಮಗಳು ನನ್ನನ್ನು ‘ಖಾಲ್ತೊ’ ಎನ್ನುತ್ತಿದ್ದಳು. ತಾಯಿಯ ಸಹೋದರಿಗೆ ಅವರಲ್ಲಿ ಹಾಗೆ ಹೇಳುತ್ತಾರೆ. ನಲವತ್ತು ದಾಟಿದ ಈ ಮಗಳು ಕಾರಿನ ಬಿಡಿಭಾಗ ತಯಾರಿಸುವ ಒಂದು ಸಂಸ್ಥೆಯಲ್ಲಿ ಇಂಜಿನಿಯರ್.

ಹಜ್ಜಾ ಅವರ ಪತಿ ರೂಜ್ ಕಾರ್ಖಾನೆಯಲ್ಲಿ ಮಸ್ಟಾಂಗ್ ಜೋಡಿಸುವ ಸಾಲಿನಲ್ಲಿ ವರ್ಷಾನುಗಟ್ಟಲೆ ದುಡಿದವರು. ಕಾರಿನ ಮುಂಭಾಗದ ಸಸ್ಪೆನ್ಷನ್ ಕೂರಿಸುವ ಕಡೆ ಅವರ ಕೆಲಸ. ತೀರಿಕೊಂಡು ಮೂರು ವರ್ಷವಾಗಿತ್ತು. ಗ್ಯಾರೇಜಿನಲ್ಲಿ ಅವರ 1966ರ ಬಿಳಿ ಮಸ್ಟಾಂಗ್ ಹೊದಿಕೆಯ ಕೆಳಗೆ ನಿಂತಿತ್ತು. ಅದನ್ನು ಅವರು ಸೆಕೆಂಡ್ ಹ್ಯಾಂಡ್ ಆಗಿ ಕೊಂಡದ್ದು. ಕಾರಿನ ಮೇಲೆ ಒತ್ತಿದ ಸಂಖ್ಯೆಯ ಎರಡನೆಯ ಜಾಗದಲ್ಲಿ ‘ಎಫ್’ ಅಕ್ಷರವಿತ್ತು. ‘ಎಫ್’ ಎಂದರೆ ಡಿಯರ್‌ಬಾರ್ನ್‌ನಲ್ಲಿ ತಯಾರಾದದ್ದು, ‘ಆರ್’ ಎಂದರೆ ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆಯಲ್ಲಿ, ‘ಟಿ’ ಎಂದರೆ ನ್ಯೂಜೆರ್ಸಿಯ ಮೆಟಚೆನ್‌ನಲ್ಲಿ. ಆ ಒಂದು ಅಕ್ಷರ ನೋಡಿಯೇ ಅವರು ಕಾರು ಕೊಂಡರಂತೆ. ಅದು ಸಾಲಿನಲ್ಲಿ ಹಾದುಹೋದ ದಿನ ಅವರ ಕೈಯೇ ಅದರ ಬೋಲ್ಟು ಬಿಗಿದಿತ್ತೋ ಇಲ್ಲವೋ ಯಾರೂ ಹೇಳಲಾರರು. ಹಜ್ಜಾ ಮಾತ್ರ ಬಿಗಿದದ್ದು ಅವರೇ ಎಂದು ನಂಬಿದ್ದರು.

ಕಾರು ಓಡುತ್ತಿತ್ತು, ಆದರೆ ನಂಬುವ ಹಾಗಿರಲಿಲ್ಲ. ನೇರ ರಸ್ತೆಯಲ್ಲೂ ಸ್ಟೇರಿಂಗನ್ನು ಎರಡೂ ಕೈಗಳಿಂದ ಆಚೀಚೆ ತಿದ್ದುತ್ತಲೇ ಇರಬೇಕಿತ್ತು. ಬ್ರೇಕ್ ಒತ್ತಿದರೆ ಎಡಕ್ಕೆ ಎಳೆಯುತ್ತಿತ್ತು. ಗುಂಡಿಗೆ ಇಳಿದರೆ ಮುಂದಿನಿಂದ ‘ಟಕ್ ಟಕ್’ ಸದ್ದು. ಬೇರೆ ರಾಜ್ಯದಲ್ಲಿರುವ ಮಗನಿಗೆ ಅದನ್ನು ಮಾರಿಬಿಡುವ ಮನಸ್ಸು. ಇಟ್ಟುಕೊಳ್ಳುವುದಾದರೆ ಮುಂಭಾಗದ ಹಳೆಯ ಉಕ್ಕನ್ನು ಕತ್ತರಿಸಿ ತೆಗೆದು ಹೊಸಕಾಲದ ಸಸ್ಪೆನ್ಷನ್ ಕೂರಿಸಬೇಕು ಎಂಬುದು ಅವನ ಹಟ. ಮಗಳಿಗೆ ಅದನ್ನು ತಾನೇ ರಿಪೇರಿ ಮಾಡಬೇಕೆಂಬ ಆಸೆ. ಹಜ್ಜಾ ಒಂದೇ ಷರತ್ತು ಹಾಕಿದರು: “ಏನು ಬೇಕಾದರೂ ಬದಲಿಸು. ಅವರು ದುಡಿದ ಕಬ್ಬಿಣವನ್ನು ಕತ್ತರಿಸಬೇಡ.”

ಚಕ್ರದ ಹಿಂದೆ ಏನಿದೆ?

ಸಸ್ಪೆನ್ಷನ್ ಎಂದರೆ ಏನೆಂದು ನಮ್ಮಲ್ಲಿ ಹೆಚ್ಚಿನವರು ಯೋಚಿಸುವುದಿಲ್ಲ. ಹೊಂಡಕ್ಕೆ ಬಿದ್ದಾಗ ‘ಶಾಕಬ್ಸರ್ ಹೋಗಿದೆ’ ಎನ್ನುತ್ತೇವೆ, ಅಷ್ಟೆ. ಆ ಹುಡುಗಿ ನನಗೆ ಒಂದೊಂದನ್ನೂ ತೋರಿಸಿ ವಿವರಿಸಿದಳು.

ಮುಂದಿನ ಪ್ರತಿ ಚಕ್ರವನ್ನೂ ಮೇಲೊಂದು ಕೆಳಗೊಂದು ತೋಳು ಹಿಡಿದಿರುತ್ತದೆ. ತೋಳಿನ ಒಂದು ತುದಿ ಕಾರಿನ ಮೈಗೆ, ಇನ್ನೊಂದು ತುದಿ ಚಕ್ರದ ಕಡೆಗೆ. ಚಕ್ರದ ಕಡೆಯ ತುದಿಯಲ್ಲಿ ಬಾಲ್ ಜಾಯಿಂಟ್ ಇದೆ. ನಮ್ಮ ಸೊಂಟದ ಕೀಲಿನ ಹಾಗೆ ಗುಂಡು ಮತ್ತು ಗುಳಿ. ಮೈ ಕಡೆಯ ಕೀಲುಗಳಲ್ಲಿ ಬುಷ್ ಇರುತ್ತದೆ. ಕುಕ್ಕರಿನ ಗ್ಯಾಸ್ಕೆಟ್ ಹಳತಾದರೆ ಗಟ್ಟಿಯಾಗಿ ಬಿರುಕು ಬಿಡುವುದಿಲ್ಲವೇ, ಬುಷ್‌ನ ರಬ್ಬರಿಗೂ ಅದೇ ಗತಿ. ಆಮೇಲೆ ಚಕ್ರ ತನ್ನ ಜಾಗದಲ್ಲಿ ನಿಲ್ಲುವುದಿಲ್ಲ. ಕೆಳಗಿನ ತೋಳು ಹಿಂದೆ ಮುಂದೆ ಅಲುಗದಂತೆ ಒಂದು ಸರಳು ಮುಂದಕ್ಕೆ ಚಾಚಿ ಅದನ್ನು ಹಿಡಿದಿರುತ್ತದೆ. ಅದರ ತುದಿಯಲ್ಲೂ ರಬ್ಬರ್.

ಹೀಗೆ ಎರಡು ತೋಳಿರುವ ಹಲವು ಕಾರುಗಳಲ್ಲಿ ಸುರುಳಿ ಸ್ಪ್ರಿಂಗ್ ಕೆಳಗಿನ ತೋಳಿನ ಮೇಲೆ ಕೂತಿದ್ದರೆ ಆ ಕಾಲದ ಮಸ್ಟಾಂಗ್‌ನಲ್ಲಿ ಅದು ಮೇಲಿನ ತೋಳಿನ ಮೇಲಿದೆ. ಇದು 1960ರ ಫೋರ್ಡ್ ಫಾಲ್ಕನ್ ಎಂಬ ಸಣ್ಣ ಕಾರಿನಿಂದ ಬಂದ ವಿನ್ಯಾಸ. ಎಂಜಿನ್ನಿನ ಎರಡೂ ಬದಿಯಲ್ಲಿ ಗೋಪುರದಂತೆ ಎದ್ದ ತಗಡಿನ ಗೂಡುಗಳಿವೆ. ಸ್ಪ್ರಿಂಗ್ ಮತ್ತು ಅದರ ನಡುವಿನ ಶಾಕಬ್ಸರ್ ಆ ಗೂಡಿನೊಳಗೆ ನಿಲ್ಲುತ್ತವೆ. ಕಾರಿನ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಮುಂದಿನ ಚಕ್ರಗಳ ಮೇಲೆ ಬೀಳುವುದರಿಂದ ಆ ಗೂಡುಗಳು ಆರು ದಶಕ ಹೊತ್ತದ್ದು ಸಣ್ಣ ಭಾರವಲ್ಲ.

ಬಿಚ್ಚುವ ಕೆಲಸ

ಕೆಲಸ ಆರಂಭವಾದದ್ದು ಜೂನ್ ತಿಂಗಳಲ್ಲಿ, ಬಕ್ರೀದ್ ಕಳೆದ ವಾರ. ಮೊದಲು ಕಾರನ್ನು ಜಾಕ್ ಹಾಕಿ ಎತ್ತಿ, ಮೈಯ ಗಟ್ಟಿ ಭಾಗದ ಕೆಳಗೆ ಉಕ್ಕಿನ ಊರುಗೋಲುಗಳನ್ನು ಇಟ್ಟಳು. ಬರೀ ಜಾಕನ್ನು ನಂಬಿ ಯಾರೂ ಕಾರಿನ ಕೆಳಗೆ ಹೋಗಬಾರದು ಎಂಬುದು ಅವಳ ತಂದೆ ಕಲಿಸಿದ ಮೊದಲ ಪಾಠವಂತೆ. ಬಿಚ್ಚುವ ಮೊದಲು ಪ್ರತಿಯೊಂದರ ಫೋಟೋ ತೆಗೆದಳು. ನಟ್ಟು ಬೋಲ್ಟುಗಳಿಗೆ ಹಜ್ಜಾ ಅಡುಗೆಮನೆಯಿಂದ ಲಬ್ನೆ ಮೊಸರಿನ ಖಾಲಿ ಡಬ್ಬಗಳನ್ನು ತಂದುಕೊಟ್ಟರು. ‘ಎಡ ಮೇಲ್ತೋಳು’, ‘ಬಲ ಕೆಳತೋಳು’ ಎಂದು ಒಂದೊಂದಕ್ಕೂ ಚೀಟಿ ಅಂಟಿತು.

ಅತ್ಯಂತ ಅಪಾಯದ ಹಂತ ಸ್ಪ್ರಿಂಗ್ ತೆಗೆಯುವುದು. ಕಾರಿನ ಭಾರದಿಂದ ಕುಗ್ಗಿ ಕೂತ ಸ್ಪ್ರಿಂಗಿನೊಳಗೆ ನೂರಾರು ಕಿಲೋ ಒತ್ತಡ ಅಡಗಿರುತ್ತದೆ. ಅಜಾಗರೂಕತೆಯಿಂದ ಬಿಚ್ಚಿದರೆ ಅದು ಸಿಡಿದು ಜೀವ ತೆಗೆಯಬಲ್ಲುದು. ಶಾಕಬ್ಸರನ್ನು ಮೇಲಿನಿಂದ ಎತ್ತಿ ತೆಗೆದ ಮೇಲೆ ಆ ತೂತಿನಿಂದಲೇ ಒಂದು ವಿಶೇಷ ಸಾಧನವನ್ನು ಇಳಿಸಿ, ಅದರ ಕೊಕ್ಕೆಗಳನ್ನು ಸ್ಪ್ರಿಂಗಿನ ಸುತ್ತುಗಳಿಗೆ ಸಿಕ್ಕಿಸಿ, ಉದ್ದ ಬೋಲ್ಟನ್ನು ನಿಧಾನವಾಗಿ ತಿರುಗಿಸುತ್ತಾ ಸುರುಳಿಯನ್ನು ಕುಗ್ಗಿಸಬೇಕು. ಆ ದಿನ ಅವಳು ನಮ್ಮನ್ನೆಲ್ಲ ಹೊರಗೆ ಕಳಿಸಿದಳು. ಸ್ಪ್ರಿಂಗಿಗೆ ಸರಪಳಿ ಸುತ್ತಿ ಕಾರಿನ ಮೈಗೆ ಕಟ್ಟಿದಳು. ಹಜ್ಜಾ ಮಾತ್ರ ಬಾಗಿಲಿನಿಂದ ಕದಲಲಿಲ್ಲ. “ಬಿಸ್ಮಿಲ್ಲಾಹ್” ಎಂದು ಅವರು ಉಸುರುವುದೂ ಒಳಗೆ ಪಾನ ತಿರುಗುವ ‘ಕಿರ್ ಕಿರ್’ ಸದ್ದೂ ಒಟ್ಟಿಗೆ ಕೇಳುತ್ತಿದ್ದವು. ಕಾಲು ಗಂಟೆಯ ಬಳಿಕ ಸ್ಪ್ರಿಂಗ್ ಸುರಕ್ಷಿತವಾಗಿ ನೆಲಕ್ಕೆ ಬಂತು.

ಬಿಚ್ಚಿದ ಮೇಲೆ ರೋಗ ಗೊತ್ತಾಯಿತು. ಬುಷ್‌ಗಳ ರಬ್ಬರು ಬೆರಳಿಗೆ ಪುಡಿಯಾಗುತ್ತಿತ್ತು. ಬಾಲ್ ಜಾಯಿಂಟಿನ ರಬ್ಬರ್ ಟೊಪ್ಪಿ ಹರಿದು ಗ್ರೀಸಿನ ಜಾಗದಲ್ಲಿ ಮಣ್ಣು ತುಂಬಿತ್ತು. ಎಡಗಡೆಯ ಸ್ಪ್ರಿಂಗ್ ಬಲಗಡೆಯದಕ್ಕಿಂತ ಕುಸಿದಿತ್ತು. ಎಲ್ಲಕ್ಕಿಂತ ಕೆಟ್ಟ ಸುದ್ದಿ ಎಂದರೆ ಎಡಗಡೆಯ ಗೂಡಿನಲ್ಲಿ, ಮೇಲಿನ ತೋಳು ಸೇರುವ ಕಡೆ, ಕೂದಲೆಳೆಯಂಥ ಬಿರುಕು. ಈ ಕಾರುಗಳಲ್ಲಿ ಬಿರುಕು ಬಿಡುವ ಜಾಗವೇ ಅದು. ಅದರ ಜೊತೆಗೆ ಮಿಶಿಗನ್ನಿನ ಉಪ್ಪು. ಚಳಿಗಾಲದಲ್ಲಿ ಹಿಮ ಕರಗಲೆಂದು ಅಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ. ಡೆಟ್ರಾಯ್ಟ್ ನಗರದ ಅಡಿಯಲ್ಲೇ, ಸಾವಿರ ಅಡಿಗೂ ಹೆಚ್ಚು ಆಳದಲ್ಲಿ ಉಪ್ಪಿನ ಗಣಿಯಿದೆ. ಕಾರಿಗೆ ಜನ್ಮ ಕೊಟ್ಟ ಊರೇ ಅದನ್ನು ತುಕ್ಕು ಹಿಡಿಸುವ ಊರೂ ಹೌದು.

ಒಂದು ಇಂಚಿನ ಪ್ರಶ್ನೆ

ಬಿರುಕಿನ ಸುದ್ದಿ ಕೇಳಿ ಮಗ ಫೋನಿನಲ್ಲಿ, “ನಾನು ಹೇಳಿರಲಿಲ್ಲವೇ? ಆ ಗೂಡುಗಳನ್ನೇ ಕತ್ತರಿಸಿ ಬಿಸಾಡಿ” ಎಂದ. ಹಾಗೆ ಮಾಡುವವರು ಬಹಳ ಮಂದಿ ಇದ್ದಾರೆ. 1974ರ ಮಸ್ಟಾಂಗ್ ಎರಡನೇ ಮಾದರಿಯ ಸಸ್ಪೆನ್ಷನ್ನಿನ ನಮೂನೆಯಲ್ಲಿ ತಯಾರಾದ ಸಿದ್ಧ ಕಿಟ್‌ಗಳು ಸಿಗುತ್ತವೆ. ಗೂಡು ಹೋದರೆ ದೊಡ್ಡ ಎಂಜಿನ್ನಿಗೆ ಜಾಗವೂ ಆಗುತ್ತದೆ. ಆದರೆ ಒಮ್ಮೆ ಕತ್ತರಿಸಿದರೆ ಕಾರು ಮತ್ತೆ ಮೊದಲಿನಂತಾಗದು. ಆ ರಾತ್ರಿ ತಾಯಿ ಮಗಳು ಮಾತಾಡಲಿಲ್ಲ. ಅದೇ ವಾರ ಊರಿನ ಕಡೆಯ ಗಡಿ ಹಳ್ಳಿಗಳ ಮೇಲೆ ಬಾಂಬು ಬಿದ್ದ ಸುದ್ದಿಯೂ ಬಂದು, ಎರಡು ದಿನ ಗ್ಯಾರೇಜಿನ ಬಾಗಿಲೇ ತೆರೆಯಲಿಲ್ಲ. ಹಜ್ಜಾ ಇಡೀ ದಿನ ಫೋನಿನ ಪಕ್ಕದಲ್ಲೇ ಕೂತಿದ್ದರು.

ಮೂರನೆಯ ದಿನ ಅವರ ಪತಿಯ ಜೊತೆ ಸಾಲಿನಲ್ಲಿ ದುಡಿದ ಒಬ್ಬ ನಿವೃತ್ತ ಯೆಮನಿ ಮುದುಕರು ಬಂದರು. ಬಿರುಕನ್ನು ಬೆರಳಿನಿಂದ ಮುಟ್ಟಿ ನೋಡಿ, “ಬೆಸುಗೆ ಹಾಕಿ ಒಳಗಿನಿಂದ ಪಟ್ಟಿ ಕೊಟ್ಟರೆ ಸಾಕು. ಕತ್ತರಿಸುವುದೇಕೆ?” ಎಂದರು. ಹುಡುಗಿ ಆಗ ತನ್ನ ಮನಸ್ಸಿನಲ್ಲಿದ್ದ ಇನ್ನೊಂದು ವಿಷಯ ಹೊರತೆಗೆದಳು. ಮೇಲಿನ ತೋಳನ್ನು ಕೂರಿಸುವ ತೂತುಗಳನ್ನು ಒಂದು ಇಂಚು ಕೆಳಗೆ ಹೊಸದಾಗಿ ಕೊರೆಯುವುದು.

ಅದರ ಕಾರಣ ಹೀಗೆ. ತಿರುವಿನಲ್ಲಿ ಕಾರಿನ ಮೈ ಹೊರಗಡೆಗೆ ವಾಲುತ್ತದೆ. ಕಾರ್ಖಾನೆಯ ಅಳತೆಯಲ್ಲಿ ಹೊರಬದಿಯ ಚಕ್ರದ ತಲೆಯೂ ಅದರ ಜೊತೆಗೆ ಹೊರಕ್ಕೆ ವಾಲಿ, ಟಯರು ತನ್ನ ಅಂಚಿನ ಮೇಲೆ ನಿಲ್ಲುತ್ತದೆ. ಹಿಡಿತ ತಪ್ಪುತ್ತದೆ. ಸೊಂಟದಲ್ಲಿ ಬಿಂದಿಗೆ ಇಟ್ಟಾಗ ನಾವು ಎದುರು ಬದಿಗೆ ವಾಲಿ ಸಮತೋಲ ಮಾಡಿಕೊಳ್ಳುತ್ತೇವಲ್ಲ, ಚಕ್ರವೂ ಹಾಗೆ ಒಳಕ್ಕೆ ವಾಲಬೇಕು. ಮೇಲಿನ ತೋಳಿನ ಬೇರು ಒಂದು ಇಂಚು ಕೆಳಗೆ ಹೋದರೆ ಅದು ಸಾಧ್ಯವಾಗುತ್ತದೆ. ಇದನ್ನು ಲೆಕ್ಕ ಹಾಕಿದವರು ಕ್ಲಾಸ್ ಆರ್ನಿಂಗ್ ಎಂಬ ಇಂಜಿನಿಯರ್. ಕ್ಯಾರಲ್ ಶೆಲ್ಬಿ ಅವರ 1965ರ ಜಿ.ಟಿ. 350 ಓಟದ ಮಸ್ಟಾಂಗ್‌ಗಳಲ್ಲಿ ತೋಳು ಕೂತದ್ದು ಹೀಗೆಯೇ.

“ಆರ್ನಿಂಗ್ ಹೊರಗಿನವರಲ್ಲ ಹಜ್ಜಾ, ಫೋರ್ಡ್ ಕಂಪನಿಯವರೇ” ಎಂದರು ಆ ಮುದುಕರು.

ಮಗಳು ಮೆಲ್ಲನೆ ಸೇರಿಸಿದಳು: “ಹಳೆಯ ತೂತುಗಳು ಹಾಗೆಯೇ ಇರುತ್ತವೆ ಮಾಮಾ. ಮುಂದೆ ಯಾರಿಗಾದರೂ ಬೇಡವೆನಿಸಿದರೆ ತೋಳನ್ನು ಮತ್ತೆ ಮೇಲಕ್ಕೇ ಹಾಕಬಹುದು. ಬಾಬಾ ಬಿಗಿದ ಜಾಗ ಎಲ್ಲಿಗೂ ಹೋಗುವುದಿಲ್ಲ.”

ಹಜ್ಜಾ ಸ್ವಲ್ಪ ಹೊತ್ತು ಆ ಎರಡು ತೂತುಗಳನ್ನು ನೋಡಿದರು. ಆಮೇಲೆ ಒಳಗೆ ಹೋಗಿ ಎಲ್ಲರಿಗೂ ಚಹಾ ತಂದರು. ಅದೇ ಅವರ ಒಪ್ಪಿಗೆ.

ಜೋಡಿಸುವ ಕೆಲಸ

ಬಿರುಕಿಗೆ ಬೆಸುಗೆಯಾಯಿತು. ತುಕ್ಕು ಉಜ್ಜಿ ಬಣ್ಣ ಬಳಿದದ್ದಾಯಿತು. ಲೋಹದ ಅಚ್ಚು ಇಟ್ಟು ಹೊಸ ತೂತುಗಳನ್ನು ಕೊರೆದದ್ದಾಯಿತು. ಹೊಸ ಬಾಲ್ ಜಾಯಿಂಟ್ ಇರುವ ಮೇಲಿನ ಕೆಳಗಿನ ತೋಳುಗಳು, ಸ್ವಲ್ಪ ಗಿಡ್ಡವೂ ಗಡಸೂ ಆದ ಸ್ಪ್ರಿಂಗುಗಳು, ಹೊಸ ಶಾಕಬ್ಸರುಗಳು ಬಂದವು. ಅರುವತ್ತು ವರ್ಷದ ಹಿಂದಿನ ಕಾರಾದರೂ ಇದರ ಬಿಡಿಭಾಗಗಳನ್ನು ಇಂದಿಗೂ ಹೊಸದಾಗಿ ತಯಾರಿಸುತ್ತಾರೆ. ಹಳೆಯ ಸ್ಪ್ರಿಂಗನ್ನೇ ಒಂದು ಸುತ್ತು ಕತ್ತರಿಸಿ ಗಿಡ್ಡ ಮಾಡುವವರೂ ಇದ್ದಾರೆ. ಅವಳು ಅದಕ್ಕೆ ಒಪ್ಪಲಿಲ್ಲ. ಎರಡೂ ಚಕ್ರಗಳನ್ನು ಜೋಡಿಸುವ ಅಡ್ಡ ಸರಳಿನ ಜಾಗದಲ್ಲಿ ಒಂದು ಇಂಚು ದಪ್ಪದ್ದು ಬಂತು. ಅದು ತಿರುವಿನಲ್ಲಿ ಕಾರು ವಾಲುವುದನ್ನು ತಡೆಯುತ್ತದೆ. ಎರಡು ಗೂಡುಗಳನ್ನೂ ಎಂಜಿನ್ನಿನ ಹಿಂದಿನ ಗೋಡೆಗೆ ಬಿಗಿಯುವ ಗಟ್ಟಿ ಪಟ್ಟಿಯೂ ಬಂತು.

ಬುಷ್‌ಗಳನ್ನು ಆರಿಸುವಾಗಲೂ ಅವಳು ಯೋಚಿಸಿದಳು. ರಬ್ಬರಿನ ಬದಲು ಗಟ್ಟಿ ಪಾಲಿಯುರೆಥೇನ್ ಹಾಕಿದರೆ ಸ್ಟೇರಿಂಗ್ ಚುರುಕಾಗುತ್ತದೆ, ಆದರೆ ಕುಲುಕಾಟವೂ ಸದ್ದೂ ಹೆಚ್ಚು. ಮುಂದಕ್ಕೆ ಚಾಚಿದ ಸರಳಿನ ತುದಿಗೆ ತೀರ ಗಟ್ಟಿಯದನ್ನು ಹಾಕಿದರೆ ಸರಳು ಬಾಗಲು ಜಾಗವಿಲ್ಲದೆ ಕ್ರಮೇಣ ಮುರಿಯಲೂಬಹುದು. ಅಲ್ಲಿ ರಬ್ಬರನ್ನೇ ಉಳಿಸಿದಳು. ಕೆಳತೋಳಿನ ಬೋಲ್ಟನ್ನು ಕೊನೆಗೆ ಬಿಗಿದದ್ದು ಕಾರಿನ ಭಾರ ಚಕ್ರಗಳ ಮೇಲೆ ಬಿದ್ದ ನಂತರವೇ. ಗಾಳಿಯಲ್ಲಿ ತೂಗುತ್ತಿರುವಾಗಲೇ ಬಿಗಿದರೆ ರಬ್ಬರು ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.

ಬ್ರೇಕಿನ ವಿಷಯದಲ್ಲಿ ಅವಳು ಯಾರ ಮಾತಿಗೂ ಕಾಯಲಿಲ್ಲ. 1966ರ ಮಸ್ಟಾಂಗ್‌ನಲ್ಲಿ ಬ್ರೇಕ್ ಎಣ್ಣೆಗೆ ಇದ್ದದ್ದು ಒಂದೇ ಕೋಣೆ. ಎಲ್ಲಾದರೂ ಒಂದು ಕಡೆ ಸೋರಿದರೆ ನಾಲ್ಕೂ ಚಕ್ರಗಳ ಬ್ರೇಕು ಒಟ್ಟಿಗೇ ಹೋಗುತ್ತದೆ. 1967ರ ಮಾದರಿಯಿಂದ ಎರಡು ಕೋಣೆ ಬಂತು. ಮುಂದಿನದು ಹೋದರೂ ಹಿಂದಿನದು ಉಳಿಯುತ್ತದೆ. ಅವಳು ಎರಡು ಕೋಣೆಯದನ್ನೂ ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕನ್ನೂ ಹಾಕಿದಳು. “ಹಳೆಯದರ ಪ್ರೀತಿ ಬ್ರೇಕಿನ ತನಕ ಹೋಗಬಾರದು ಖಾಲ್ತೊ” ಎಂದಳು.

ಕೊನೆಯದು ವೀಲ್ ಅಲೈನ್‌ಮೆಂಟ್. ಇದನ್ನು ಮಾತ್ರ ಹೊರಗಿನ ಗ್ಯಾರೇಜಿನಲ್ಲಿ ಮಾಡಿಸಿದರು. ಚಕ್ರದ ತಲೆ ಒಳಕ್ಕೆ ಅರ್ಧ ಡಿಗ್ರಿಯಷ್ಟು ವಾಲಿರಬೇಕು. ಚಕ್ರ ತಿರುಗುವ ಕೀಲುಗಳ ರೇಖೆ, ಸೈಕಲಿನ ಮುಂದಿನ ಕವಲು ಓರೆಯಾಗಿರುವಂತೆ, ಎರಡು ಮೂರು ಡಿಗ್ರಿ ಹಿಂದಕ್ಕೆ ಬಾಗಿರಬೇಕು. ಸ್ಟೇರಿಂಗ್ ತಾನೇ ನೇರಕ್ಕೆ ಮರಳುವುದು ಇದರಿಂದಲೇ. ಎರಡೂ ಚಕ್ರಗಳ ಮೂತಿ ಮೂರು ಮಿಲಿಮೀಟರಿನಷ್ಟು ಒಳಮುಖವಾಗಿರಬೇಕು. ಕಾರ್ಖಾನೆಯ ಹಳೆಯ ಅಂಕಿಗಳು ಆ ಕಾಲದ ಟಯರಿಗಾಗಿ ಇದ್ದವು. ಇಂದಿನ ರೇಡಿಯಲ್ ಟಯರಿಗೆ ಇವು ಹೊಂದುತ್ತವೆ.

ವುಡ್‌ವರ್ಡ್ ರಸ್ತೆಯಲ್ಲಿ

ಡೆಟ್ರಾಯ್ಟ್‌ನ ವುಡ್‌ವರ್ಡ್ ಅವೆನ್ಯೂ ಕಾರುಗಳ ಚರಿತ್ರೆಯಲ್ಲಿ ದೊಡ್ಡ ಹೆಸರು. 1909ರಲ್ಲಿ ಕಾಂಕ್ರೀಟು ಹಾಕಿದ ಒಂದು ಮೈಲಿ ರಸ್ತೆ ಇಲ್ಲಿಯದೇ. 1960ರ ದಶಕದಲ್ಲಿ ಯುವಕರು ರಾತ್ರಿ ಹೊತ್ತು ತಮ್ಮ ಕಾರುಗಳನ್ನು ಪಣಕ್ಕಿಟ್ಟು ಓಡಿಸುತ್ತಿದ್ದ ಜಾಗವೂ ಇದೇ. ಫರ್ನ್‌ಡೇಲ್‌ನಲ್ಲಿ ಮಕ್ಕಳ ಫುಟ್‌ಬಾಲ್ ಮೈದಾನಕ್ಕೆ ಹಣ ಕೂಡಿಸಲೆಂದು 1995ರಲ್ಲಿ ಹಳೆಯ ಕಾರುಗಳ ಒಂದು ಮೆರವಣಿಗೆ ಏರ್ಪಡಿಸಿದರು. ಅದೇ ಬೆಳೆದು ಈಗ ಪ್ರತಿ ಆಗಸ್ಟಿನ ಮೂರನೆಯ ಶನಿವಾರ ನಡೆಯುವ ವುಡ್‌ವರ್ಡ್ ಡ್ರೀಮ್ ಕ್ರೂಸ್ ಆಗಿದೆ. ಫರ್ನ್‌ಡೇಲ್‌ನಿಂದ ಪಾಂಟಿಯಾಕ್ ತನಕ ಸುಮಾರು 16 ಮೈಲಿ, ರಸ್ತೆ ತುಂಬ ಹಳೆಯ ಕಾರುಗಳು, ಬದಿಯಲ್ಲಿ ಮಡಚುವ ಕುರ್ಚಿ ಹಾಕಿಕೊಂಡ ಕುಟುಂಬಗಳು. ಓಟವಿಲ್ಲ, ಬಹುಮಾನವಿಲ್ಲ. ನಿಧಾನವಾಗಿ ಹೋಗುವುದು, ಕೈಬೀಸುವುದು, ಅಷ್ಟೇ.

2024ರ ಆಗಸ್ಟ್ 17ರಂದು ಆ ಬಿಳಿ ಮಸ್ಟಾಂಗ್ ಕೂಡ ಅಲ್ಲಿತ್ತು. ಓಡಿಸುತ್ತಿದ್ದವಳು ಮಗಳು, ಪಕ್ಕದಲ್ಲಿ ಹಜ್ಜಾ, ಹಿಂದಿನ ಸೀಟಿನಲ್ಲಿ ನಾನು. ಹೆದ್ದಾರಿಗೆ ಹೋಗುವ ಮೊದಲು ರೈಲು ಹಳಿ ದಾಟಬೇಕಿತ್ತು. ಹುಡುಗಿ ಸ್ವಲ್ಪ ವೇಗ ತಗ್ಗಿಸಿದಳು. ಕಾರು ಒಮ್ಮೆ ಏರಿ ಒಮ್ಮೆ ಇಳಿದು ಸುಮ್ಮನಾಯಿತು. ಟಕ್ ಟಕ್ ಇಲ್ಲ. ಅವಳು ಒಂದು ಕ್ಷಣ ಸ್ಟೇರಿಂಗನ್ನು ಬೆರಳ ತುದಿಯಲ್ಲಿ ಹಿಡಿದು ತೋರಿಸಿದಳು. ಕಾರು ನೇರಕ್ಕೆ ಹೋಯಿತು.

“ಆ ಕೀಚಲು ಸದ್ದೂ ಇಲ್ಲವಲ್ಲ” ಎಂದರು ಹಜ್ಜಾ.

ಸ್ಪ್ರಿಂಗು ಕೂರುವ ತಟ್ಟೆಯ ಹಳೆಯ ಬುಷ್ ಒಣಗಿದರೆ ಕೀಚಲು ಸದ್ದು ಬರುವುದು ಈ ಕಾರಿನ ಹುಟ್ಟುಗುಣ. ಮಗಳು ಅದರ ಜಾಗದಲ್ಲಿ ಬೇರಿಂಗ್ ಇರುವ ತಟ್ಟೆ ಹಾಕಿದ್ದಳು. ಹಜ್ಜಾ ಹೇಳಿದರು, ಪತಿ ಎರಡನೇ ಪಾಳಿ ಮುಗಿಸಿ ನಡುರಾತ್ರಿ ಬರುವಾಗ ಮನೆಯ ಮುಂದಿನ ಏರಿನಲ್ಲಿ ಕಾರು ಕೀಚುಗುಟ್ಟುತ್ತಿತ್ತಂತೆ. ಅದು ಕೇಳಿದ ಮೇಲೆಯೇ ಅವರಿಗೆ ನಿದ್ದೆ ಹತ್ತುತ್ತಿದ್ದುದು.

ಹುಡುಗಿಯ ಮುಖ ಬಾಡಿತು. “ಬೇಕಿದ್ದರೆ ಹಳೆಯ ತಟ್ಟೆ ಹಾಕುತ್ತೇನೆ ಮಾಮಾ. ಡಬ್ಬದಲ್ಲಿ ಇಟ್ಟಿದ್ದೇನೆ.”

“ಬೇಡ,” ಎಂದರು ಹಜ್ಜಾ, “ಈಗ ಓಡಿಸುವವಳು ನೀನು. ಇದು ಹೀಗೆಯೇ ಇರಲಿ.”

ಹೋಗುವವರಿಗೆ ಎರಡು ಮಾತು

ಮಕ್ಕಳ ಮನೆಗೆಂದು ಆ ಕಡೆ ಹೋಗುವ ತಾಯಂದಿರು ಡಿಯರ್‌ಬಾರ್ನ್‌ನಲ್ಲಿ ಎರಡು ದಿನ ಇಟ್ಟುಕೊಳ್ಳಬೇಕು. ಹೆನ್ರಿ ಫೋರ್ಡ್ ಮ್ಯೂಸಿಯಂನಲ್ಲಿ ಒಂದನೇ ಕ್ರಮಾಂಕದ ಮಸ್ಟಾಂಗ್ ಇದೆ. ಅದನ್ನು ಕೆನಡಾದ ಒಬ್ಬ ವಿಮಾನ ಚಾಲಕರು ಕೊಂಡುಬಿಟ್ಟಿದ್ದರು. ಕಂಪನಿಯವರು 1966ರಲ್ಲಿ ಇನ್ನೊಂದು ಹೊಸ ಮಸ್ಟಾಂಗ್ ಕೊಟ್ಟು ಅದನ್ನು ಮರಳಿ ಪಡೆದರು. ಅದೇ ಮ್ಯೂಸಿಯಂನಲ್ಲಿ ರೋಸಾ ಪಾರ್ಕ್ಸ್ 1955ರಲ್ಲಿ ಎದ್ದು ಜಾಗ ಬಿಟ್ಟುಕೊಡಲು ನಿರಾಕರಿಸಿದ ಬಸ್ಸೂ ಇದೆ. ಒಳಗೆ ಹತ್ತಿ ಕೂತು ನೋಡಬಹುದು. ಮ್ಯೂಸಿಯಂನಿಂದಲೇ ರೂಜ್ ಕಾರ್ಖಾನೆಗೆ ಬಸ್ಸು ಹೊರಡುತ್ತದೆ. ಅಲ್ಲಿ ಮಸ್ಟಾಂಗ್ ಸಿಗದು, ಅದರ ತಯಾರಿ 2004ರ ಮೇ 10ರಂದು ನಿಂತು ಫ್ಲ್ಯಾಟ್ ರಾಕ್ ಊರಿಗೆ ಹೋಯಿತು. ಈಗ ಕಾಣುವುದು ಟ್ರಕ್‌ಗಳ ಸಾಲು ಮತ್ತು 10 ಎಕರೆ ಮಾಳಿಗೆಯ ಮೇಲೆ ಬೆಳೆಸಿದ ಹಸಿರು. 2005ರಲ್ಲಿ ತೆರೆದ ಅರಬ್ ಅಮೆರಿಕನ್ ಮ್ಯೂಸಿಯಂ ಕೂಡ ಇದೇ ಊರಲ್ಲಿದೆ.

ಮನೆಯಲ್ಲೇ ಇರುವವರಿಗೂ ಆ ಹುಡುಗಿ ಹೇಳಿದ ಒಂದು ಉಪಯೋಗದ ಮಾತು. ನಿಮ್ಮ ಕಾರಿನ ಮುಂದಿನ ಟಯರುಗಳನ್ನು ತಿಂಗಳಿಗೊಮ್ಮೆ ಬಗ್ಗಿ ನೋಡಿ. ಒಂದೇ ಅಂಚು ಸವೆದಿದ್ದರೆ, ಕಾರು ಒಂದು ಬದಿಗೆ ಎಳೆಯುತ್ತಿದ್ದರೆ, ಗುಂಡಿಯಲ್ಲಿ ಟಕ್ ಎಂದರೆ, ಟಯರು ಬದಲಿಸುವ ಮೊದಲು ಬುಷ್, ಬಾಲ್ ಜಾಯಿಂಟ್, ಅಲೈನ್‌ಮೆಂಟ್ ನೋಡಿಸಿ. ಇಲ್ಲವಾದರೆ ಹೊಸ ಟಯರೂ ಹಾಗೆಯೇ ಸವೆಯುತ್ತದೆ. ಗುಂಡಿಗಳಿಗೆ ನಮ್ಮ ಊರಲ್ಲೂ ಬರವಿಲ್ಲ.

ಡಿಸೆಂಬರಿನಲ್ಲಿ ಮಗಳು ಫೋನಿನಲ್ಲಿ ಒಂದು ಫೋಟೋ ಕಳಿಸಿದಳು. ಹೊರಗೆ ಮೊದಲ ಹಿಮ. ರಸ್ತೆಗೆ ಉಪ್ಪು ಬಿದ್ದಾಗಿದೆ. ಮಸ್ಟಾಂಗ್ ಗ್ಯಾರೇಜಿನೊಳಗೆ ಹೊದಿಕೆ ಹೊದ್ದು ನಿಂತಿದೆ, ಏಪ್ರಿಲಿನ ಮಳೆ ಉಪ್ಪನ್ನು ತೊಳೆಯುವ ತನಕ. ಅದರ ಪಕ್ಕದ ಕಪಾಟಿನಲ್ಲಿ ಚೀಟಿ ಅಂಟಿಸಿದ ಲಬ್ನೆ ಡಬ್ಬಗಳು ಸಾಲಾಗಿ ಇದ್ದವು. ಹಳೆಯ ಬೋಲ್ಟುಗಳನ್ನು ಹಜ್ಜಾ ಬಿಸಾಡಲು ಬಿಟ್ಟಿಲ್ಲವಂತೆ.